ಸಂಜೆ ಬಂದು ಕರ್ಕೊಂಡು ಹೋಗ್ತೇನೆ

15 ಡಿಸೆಂಬರ್ 2002, ಆದಿತ್ಯವಾರ

ಬಾಪ್ಪುವಿನ ಗಡ್ಡ ಅರ್ಧ ಆಗಿತ್ತು, ಕರೆಂಟು ಹೋಯಿತು. ಎಡಗೆನ್ನೆ ಮಗು, ಬಲಗೆನ್ನೆ ಕರಡಿ. ಉಳಿದದ್ದನ್ನು ಮೇಣದಬತ್ತಿ ಹಚ್ಚಿ ಮುಗಿಸುವಾ ಎಂದರೆ ಕೂರಲಿಲ್ಲ. ಬತ್ತಿ ದೇವರಿಗೆ, ಗಡ್ಡಕ್ಕಲ್ಲ — ಅದು ಅವನ ಶಾಸ್ತ್ರ. ಹಾಗೇ ಹೊರಟೆವು ಇಗರ್ಜಿಗೆ. ವಾರವಿಡೀ ಮಣಿಪಾಲದ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು ನಾನು. ರಜೆಯ ದಿನ ಕರಡಿ ತಿದ್ದುವ ಕೆಲಸ, ಅದೂ ಅರ್ಧಕ್ಕೆ!

ಬಾಪ್ಪು ಎಂದರೆ ಅಪ್ಪನ ತಮ್ಮ. ರೊಸಾರಿಯೊ. ವಯಸ್ಸು ನಲವತ್ತಾರು, ಬುದ್ಧಿ ಆರರ ಆಸುಪಾಸು. ಅಮ್ಮ ನನ್ನ ಸಣ್ಣದರಲ್ಲೇ ಹೋದಳು. ಅಪ್ಪ ಎರಡು ವರ್ಷದ ಹಿಂದೆ. ಈಗ ಮನೆಯಲ್ಲಿ ನಾವಿಬ್ಬರೇ. ಊರ ಹೆಸರೇ ಕಾಪು, ಕಾಪಾಡದೆ ಎಲ್ಲಿಗೆ ಹೋಗುವುದು!

ಆದರೆ ಹೋಗುವುದು ಉಂಟು. ಇವತ್ತು ಇಗರ್ಜಿಯಲ್ಲಿ ನನ್ನ ಮದುವೆಯನ್ನು ಮೊದಲನೇ ಸಲ ಕೂಗಿದರು, ಮೂರು ಆದಿತ್ಯವಾರ ಕೂಗಬೇಕು. ಫಾದರ್ ಪ್ಯಾಟ್ರಿಕ್ ಮೈಕಿನಲ್ಲಿ: "ಕಾಪುವಿನ ದಿವಂಗತ ಸ್ಟ್ಯಾನಿಸ್ಲಾಸ್ ಅವರ ಮಗಳು ವನೆಸ್ಸಾ... ಕಾರ್ಕಳದ ಬೆಂಜಮಿನ್ ಅವರ ಮಗ ಲಾಯ್ಡ್... ಈ ಮದುವೆಗೆ ಯಾರದಾದರೂ ಅಡ್ಡಿ ಇದ್ದರೆ ತಿಳಿಸತಕ್ಕದ್ದು."

ಬಾಪ್ಪು ಕೈ ಎತ್ತಿದ.

ಇಡೀ ಇಗರ್ಜಿ ತಿರುಗಿತು. ಫಾದರ್ ಕನ್ನಡಕ ತೆಗೆದರು. "ಎಂತ ರೊಸಾರಿಯೊ?"

"ನಮ್ಮ ವನಿ!" ಎಂದ ಬಾಪ್ಪು. ಅಷ್ಟೇ. ಹೆಸರು ಕೇಳಿ ಖುಷಿಯಾಗಿತ್ತು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ದಾರಿಯುದ್ದಕ್ಕೂ ಅದೇ ತಲೆಯಲ್ಲಿ — ಅಡ್ಡಿ ಇದ್ದರೆ ತಿಳಿಸಿ ಎಂದಾಗ ಎದ್ದದ್ದು ಒಂದೇ ಕೈ.

16 ಡಿಸೆಂಬರ್, ಸೋಮವಾರ

ಮಾಮೂಲಿ ಬೆಳಿಗ್ಗೆ. ಗಂಜಿ. ಬಾಪ್ಪುವಿನ ಅಂಗಿ ಗುಂಡಿ. ಹೈವೇ ದಾಟಿಸುವುದು, ಲಾರಿಗಳಿಗೆ ಬೈಯುವುದು. ಬಸ್‌ಸ್ಟ್ಯಾಂಡಿನ ಹತ್ತಿರ ಭುಜಂಗಣ್ಣನ ಸೋಡಾ ಅಂಗಡಿ. ಬಾಪ್ಪುವಿನ ಕೈ ಹಿಡಿದು ಭುಜಂಗಣ್ಣನ ಕೈಯಲ್ಲಿ ಇಡುತ್ತೇನೆ. ಅಪ್ಪ ಇದ್ದಾಗಿನಿಂದ ಹೀಗೇ. ಕೈಯಿಂದ ಕೈಗೆ ಕೊಡದಿದ್ದರೆ ಬಾಪ್ಪು ಅಲ್ಲಿ ನಿಲ್ಲುವುದಿಲ್ಲ, ನನ್ನ ಹಿಂದೆ ಬಸ್ಸು ಹತ್ತುತ್ತಾನೆ.

"ಇಗೊಳ್ಳಿ ಭುಜಂಗಣ್ಣ, ನಮ್ಮವನು. ಸಂಜೆ ಬಂದು ಕರ್ಕೊಂಡು ಹೋಗ್ತೇನೆ."

"ಆಯ್ತಾಯ್ತು. ಬನ್ನಿ ಪೊರ್ಬುಗಳೇ, ಬಾಟ್ಲಿ ಕಾಯ್ತಾ ಉಂಟು."

ನಮ್ಮ ಜಾತಿಯವರನ್ನೆಲ್ಲ ತುಳುವರು ಕರೆಯುವುದು ಪೊರ್ಬು ಎಂದೇ. ಬಾಪ್ಪುವಿಗೆ ಆ ಬಹುವಚನ ಕೇಳಿದರೆ ಎದೆ ಒಂದು ಇಂಚು ಉಬ್ಬುತ್ತದೆ. ದಿನವಿಡೀ ಬಾಟ್ಲಿ ತೊಳೆಯುತ್ತಾನೆ, ಗೋಲಿ ಒತ್ತಿ ಸೋಡಾ ಒಡೆಯುವಾಗ ಪ್ರತಿ ಸಲ ಹೊಸದಾಗಿ ಬೆಚ್ಚುತ್ತಾನೆ, ಪ್ರತಿ ಸಲ ನಗುತ್ತಾನೆ. ಸಂಜೆ ನಾನು ಬಸ್ಸಿಂದ ಇಳಿದದ್ದೇ ಓಡಿ ಬಂದು ನನ್ನ ಹೆಗಲ ಬ್ಯಾಗು ಕಸಿದುಕೊಳ್ಳುತ್ತಾನೆ. ಕಂದು ಬ್ಯಾಗು, ಟಿಫಿನ್ನು, ಛತ್ರಿ, ಪ್ರೂಫಿನ ಕಟ್ಟು. ಅದನ್ನು ಹೊರುವುದು ಅವನ ಹಕ್ಕು. ಬೇರೆ ಯಾರೂ ಮುಟ್ಟಬಾರದು, ನಾನೂ.

20 ಡಿಸೆಂಬರ್, ಶುಕ್ರವಾರ

ಲಾಯ್ಡ್ ಮಣಿಪಾಲಕ್ಕೆ ಬಂದಿದ್ದ! ಮಧ್ಯಾಹ್ನ. ಪ್ರೆಸ್ಸಿನ ಗೇಟಿನಲ್ಲಿ, ಕೈಯಲ್ಲಿ ಪ್ಲಮ್ ಕೇಕಿನ ಡಬ್ಬ. ಒಳಗಿನವರೆಲ್ಲ ಕಿಟಕಿಯಲ್ಲಿ. ನನ್ನ ಮುಖ ಕೇಕಿನ ಮೇಲಿನ ಚೆರಿ.

ಅವನಿಗೆ ಕಾರ್ಕಳದಲ್ಲಿ ಬೇಕರಿ. ನೋಡಲು ಬಂದ ದಿನವೇ ನಾನು ಹೇಳಿಬಿಟ್ಟಿದ್ದೆ: ನನ್ನ ಜೊತೆ ಒಂದು ಲಗೇಜು ಉಂಟು, ನಲವತ್ತಾರು ವರ್ಷದ್ದು, ಬಿಟ್ಟು ಬರಲಿಕ್ಕಾಗುವುದಿಲ್ಲ. ಬೇಕರಿಯವನು ಕೂಡಲೇ "ಬೇಕು ರೀ" ಎಂದ. ಅವನ ಅಪ್ಪ ಬೆಂಜಮಿನ್ ಮಾತ್ರ ಮೀಸೆ ಸವರಿ ಒಂದೇ ಶಬ್ದ ಹೇಳಿದ್ದರು — "ನೋಡುವಾ."

ಮೂರು ತಿಂಗಳಾಯಿತು. ಇನ್ನೂ ನೋಡುತ್ತಾ ಇದ್ದಾರೆ.

"ಡ್ಯಾಡಿ ಎಂತ ಹೇಳಿದ್ರು?"

"ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ."

"ಮತ್ತೆ ಎಂತ ಅಂದ್ರು ಮಾರಾಯ?"

"ಮೈದಾ ತೂಗು ಅಂದ್ರು."

ಲಾಯ್ಡ್ ಹೇಳುವ ಪ್ರಕಾರ ಅವರು ಜಿಪುಣರಲ್ಲ, ಕೆಟ್ಟವರಲ್ಲ. ಹೂಂ ಎಂದರೆ ಆಮೇಲೆ ಬದಲಿಸುವುದಿಲ್ಲ, ಅದಕ್ಕೇ ಹೂಂ ಎನ್ನುವುದೇ ಅಪರೂಪ. ಸ್ವಂತ ಬೇಕರಿ ಶುರು ಮಾಡಲಿಕ್ಕೂ ಎಷ್ಟೋ ವರ್ಷ 'ನೋಡುವಾ' ಎಂದೇ ಕಳೆದರಂತೆ.

ನನಗೆ ಇರುವುದು ಮೂರು ವಾರ. ಕೇಕು ಭಾರೀ ಚೆಂದ ಇತ್ತು. ಬಾಪ್ಪುವಿಗೆಂದು ಇಟ್ಟ ತುಂಡನ್ನು ಬಸ್ಸಿನಲ್ಲಿ ನಾನೇ...

29 ಡಿಸೆಂಬರ್, ಆದಿತ್ಯವಾರ

ಮೂರನೇ ಕೂಗು ಮುಗಿಯಿತು. ಇನ್ನು ತಪ್ಪಿಸಿಕೊಳ್ಳಲಿಕ್ಕಿಲ್ಲ.

ಇವತ್ತು ಪವಿತ್ರ ಕುಟುಂಬದ ಹಬ್ಬ ಬೇರೆ. ಫಾದರ್ ಪ್ಯಾಟ್ರಿಕ್‌ರ ಪ್ರಸಂಗ, ಬೈಬಲಿನ ಮಾತು ಹಿಡಿದು: ವಯಸ್ಸಾದ ಅಪ್ಪನ ಬುದ್ಧಿ ಮಂಕಾದರೂ ಕೀಳಾಗಿ ಕಾಣಬಾರದು. ನಿನ್ನ ಮೈಯಲ್ಲಿ ಶಕ್ತಿ ಉಂಟೆಂದು ಅವನನ್ನು ತಳ್ಳಬಾರದು. ಮನೆಯವರನ್ನು ನೋಡಿಕೊಳ್ಳದವನು ಇಗರ್ಜಿಯಲ್ಲಿ ಎಷ್ಟು ಮೊಣಕಾಲೂರಿದರೂ ಪ್ಯಾಂಟು ಸವೆಯುತ್ತದೆ, ಪಾಪ ಸವೆಯುವುದಿಲ್ಲ. (ಪ್ಯಾಂಟು ಫಾದರ್‌ರ ಸ್ವಂತದ್ದು. ಪ್ಯಾಂಟಲ್ಲ, ಮಾತು.)

ಪಕ್ಕದಲ್ಲಿ ಝೀಟಾ ಆಕಯ್. ಅಪ್ಪನ ಅಕ್ಕ, ಬನ್ನಂಜೆಯವಳು. ಪ್ರಸಂಗ ಮುಗಿದದ್ದೇ ನನ್ನ ಕಿವಿಗೆ: "ಅದು ಅಪ್ಪನ ಬಗ್ಗೆ ಹೇಳಿದ್ದು. ಬಾಪ್ಪುವಿನ ಬಗ್ಗೆ ಅಲ್ಲ."

ಊಟಕ್ಕೆ ಕೂತಾಗ ವಿಷಯ ತೆಗೆದಳು. ಕಾರ್ಕಳದ ದಾರಿಯಲ್ಲಿ ಸಿಸ್ಟರುಗಳ ಆಶ್ರಮ ಉಂಟಂತೆ. ಸ್ವಚ್ಛ, ತೋಟ, ಇವನಂಥವರು ಹನ್ನೆರಡು ಜನ. ಹತ್ತನೇ ತಾರೀಕಿನಿಂದ ಒಂದು ಹಾಸಿಗೆ ಖಾಲಿ. ಆಕಯ್ ಹೇಳಿ ಇಟ್ಟಾಗಿದೆ.

"ಅಲ್ಲಿ ಅವನ ಕೈ ಯಾರ ಕೈಯಲ್ಲಿ ಕೊಡುವುದು?" ಎಂದೆ.

"ನಿನ್ನ ಮಾವ ಹೂಂ ಅಂದ್ರಾ?"

ನಾನು ಬಾಪ್ಪುವಿನ ತಟ್ಟೆಗೆ ಸಾರು ಬಡಿಸಿದೆ.

"ನನ್ನ ಮನೆ ಮೂರನೇ ಮಾಳಿಗೆ. ನನ್ನ ಮೊಣಕಾಲು ನೋಡಿದ್ದೀಯಲ್ಲ? ನನಗೆ ಬೇಡವಾಗಿದ್ದಾನೆ ಅಂತ ತಿಳಿಯಬೇಡ ವನಿ. ಸಾಯುವಾಗ ನಮ್ಮ ಅಮ್ಮ ಅವನ ಕೈ ಇಟ್ಟದ್ದು ನನ್ನ ಕೈಯಲ್ಲಿ. ನಿನ್ನ ಅಪ್ಪನ ಕೈಯಲ್ಲಿ ಅಲ್ಲ."

ಅದು ನನಗೆ ಗೊತ್ತಿರಲಿಲ್ಲ. ಬನ್ನಿಗೂ ಅಂಜದ ಬನ್ನಂಜೆಯ ಹೆಂಗಸು, ತಟ್ಟೆಯಲ್ಲಿ ಅನ್ನ ಸರಿಸುತ್ತಾ ಕೂತಳು. ತಮಾಷೆ ಮಾಡಲಿಕ್ಕೆ ಬಾಯಿ ಬರಲಿಲ್ಲ. (ಈಗ ಬಂತು, ಬರೆದೆ.)

ಇನ್ನೊಂದು ಜಗಳ — ಮದುವೆಯ ದಿನ ಊಟದ ಹಾಲ್‌ನಲ್ಲಿ ನನ್ನನ್ನು ಒಪ್ಪಿಸಿಕೊಡುವವರು ಯಾರು? ನಮ್ಮಲ್ಲಿ ಅದು ದೊಡ್ಡ ಶಾಸ್ತ್ರ. ಹುಡುಗಿಯ ಮನೆಯ ಹಿರಿಯ ಗಂಡಸು ಅವಳ ಕೈಯನ್ನು ಹುಡುಗನ ಅಪ್ಪನ ಕೈಯಲ್ಲಿಟ್ಟು, ಇವತ್ತಿನವರೆಗೆ ನಮ್ಮವಳು, ಇನ್ನು ನಿಮ್ಮವಳು, ಎಂದು ಎಲ್ಲರ ಎದುರು ಹೇಳಬೇಕು. ಅವರು ಎಲ್ಲರ ಎದುರು ಒಪ್ಪಬೇಕು.

"ದುಬೈಯಿಂದ ಬರುವ ಕಸಿನ್ ಹೇಳಲಿ. ಚೆಂದ ಭಾಷಣ ಮಾಡ್ತಾನೆ."

"ಮನೆಯ ಹಿರಿಯ ಗಂಡಸು ಯಾರು ಆಕಯ್?"

"ಮುನ್ನೂರು ಜನರ ಎದುರು ಮಾರಾಯ್ತಿ! ನಗುತ್ತಾರೆ!"

"ಬಾಪ್ಪು ಒಪ್ಪಿಸದಿದ್ದರೆ ನನ್ನ ಎಡಗೈಯಲ್ಲಿ ನನ್ನ ಬಲಗೈ ಹಿಡಿದು ನಾನೇ ಒಪ್ಪಿಸಿಕೊಳ್ಳುತ್ತೇನೆ."

ಬಾಪ್ಪು ಕೈ ಎತ್ತಿದ. ಇನ್ನೊಂದು ಮೀನು ಬೇಕಿತ್ತು.

2 ಜನವರಿ 2003, ಗುರುವಾರ

ರಜೆ ಹಾಕಿ ಕಾರ್ಕಳಕ್ಕೆ ಹೋದೆ. ಯಾರಿಗೂ ಹೇಳದೆ. ಬೆಂಜಮಿನ್ ಇದ್ದದ್ದು ಬೇಕರಿಯ ಹಿಂದೆ, ಒಲೆಯ ಎದುರು. ತೋಳಿನವರೆಗೆ ಮೈದಾ. ನೇರ ಕೇಳಿದೆ. ಶ್ಲೇಷೆ, ಗೀಷೆ ಏನೂ ಇಲ್ಲದೆ.

ಅವರು ಬ್ರೆಡ್ಡಿನ ಟ್ರೇ ಎಳೆದು ಇಟ್ಟರು. ಆಮೇಲೆ ಹೇಳಿದರು. ಲಾಯ್ಡ್‌ನ ಅಮ್ಮ ನಾಲ್ಕು ವರ್ಷ ಹಾಸಿಗೆಯಲ್ಲಿದ್ದು ಹೋದದ್ದು. ತಿನ್ನಿಸಿದ್ದು, ತೊಳೆದದ್ದು, ಮಗ್ಗುಲು ತಿರುಗಿಸಿದ್ದು ಇವರೇ.

"ನೋಡಿಕೊಳ್ಳುತ್ತೇನೆ ಅಂತ ಬಾಯಲ್ಲಿ ಹೇಳುವುದು ಸುಲಭ ಮಗಾ. ಮದುವೆಯ ಖುಷಿಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ನಾನು ಹೇಳಿದರೆ ಮಾಡಬೇಕು. ಇಲ್ಲಿ ನೋಡು, ಬೆಂಕಿ. ಬೆಳಿಗ್ಗೆ ಮೂರಕ್ಕೆ ಉರಿಯುತ್ತದೆ. ಆ ಮನುಷ್ಯ ಮಗುವಿನ ಹಾಗೆ. ಕೈ ಇಟ್ಟರೆ?"

ನಾನು ಒಲೆಯ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

"ಮದುವೆ ಆಗಲಿ. ನೋಡುವಾ."

ಬಿಸಿ ಬನ್ನು ಕಟ್ಟಿಕೊಟ್ಟರು, ಬಾಪ್ಪುವಿಗೆಂದು. ಈ ಸಲ ಬಸ್ಸಿನಲ್ಲಿ ನಾನು ಮುಟ್ಟಲಿಲ್ಲ.

5 ಜನವರಿ, ಆದಿತ್ಯವಾರ

ಸೋತೆ. ಮದುವೆಯ ಸಂಜೆ ಬಾಪ್ಪು ಆಕಯ್ ಜೊತೆ ಬನ್ನಂಜೆಗೆ. ಹತ್ತಕ್ಕೆ ಆಶ್ರಮ. ಆದಿತ್ಯವಾರ ನೋಡಲು ಹೋಗುವುದು. ವನೆಸ್ಸಾಳಿಗೆ ಮದುವೆ, ಬಾಪ್ಪುವಿಗೆ ವನವಾಸ.

ಆದರೆ ಒಪ್ಪಿಸುವುದು ಬಾಪ್ಪುವೇ. ಆಕಯ್ ಅಷ್ಟಕ್ಕೆ ಒಪ್ಪಿದಳು. ಒಂದು ಕೊಟ್ಟು ಒಂದು ತೆಗೆದುಕೊಂಡಳು.

ಸೋಡಾ ಅಂಗಡಿಯಲ್ಲಿ ರಿಹರ್ಸಲ್. ಭುಜಂಗಣ್ಣ ನನ್ನ ಮಾವ. ಟವೆಲನ್ನು ಕೋಟಿನ ಹಾಗೆ ಹಾಕಿ, ಮೀಸೆ ತಿರುವಿ, "ಎಂಚಿನ ಪೊರ್ಬುಲೆ, ಪೊಣ್ಣನ್ ಕೊರ್ಪರಾ?" ಎಂದು ತುಳುವಿನಲ್ಲಿ ಗತ್ತು. ಹುಡುಗಿ ಕೊಡುತ್ತೀರಾ ಎಂದು! ಬಾಪ್ಪುವಿಗೆ ನಗು ತಡೆಯಲಿಲ್ಲ. ಕಲಿಸಿದ್ದು ಇಷ್ಟೇ: ಇಗೊಳ್ಳಿ, ನಮ್ಮ ವನಿ. ಚೆಂದ ನೋಡ್ಕೊಳ್ಳಿ. ಮೂರನೇ ಸಲಕ್ಕೆ ತಪ್ಪಿಲ್ಲದೆ ಬಂತು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಚಪ್ಪಾಳೆ. ಎಲ್ಲರಿಗೂ ಸೋಡಾ ಒಡೆದ. ಮತ್ತೆ ಬೆಚ್ಚಿದ, ಮತ್ತೆ ನಕ್ಕ.

ಅವನಿಗೆ ಇನ್ನೂ ಹೇಳಿಲ್ಲ. ಬನ್ನಂಜೆ, ಹತ್ತನೇ ತಾರೀಕು, ಯಾವುದನ್ನೂ.

7 ಜನವರಿ, ಮಂಗಳವಾರ

ರೋಸ್! ಮದುವೆಯ ಮುನ್ನಾ ದಿನ ಹುಡುಗಿಗೆ ತೆಂಗಿನಹಾಲು ಹಚ್ಚುವುದು. ಒಬ್ಬೊಬ್ಬರು ಬಂದು ತಲೆಗೆ ಸ್ವಲ್ಪ, ಕೆನ್ನೆಗೆ ಸ್ವಲ್ಪ. ಬಾಪ್ಪು ಬಂದ, ಇಡೀ ಪಾತ್ರೆ ಎತ್ತಿದ, ಸುರಿದ. ಮೂಗಿನಲ್ಲಿ ಹಾಲು, ಕಿವಿಯಲ್ಲಿ ಹಾಲು. ಹೆಂಗಸರ ಹಾಡು ನಿಂತು ಕೇಕೆ. ಆಕಯ್ ಮೊಣಕಾಲು ಮರೆತು ಕುಣಿದಳು! ಕೂದಲಲ್ಲಿ ಇನ್ನೂ ಪಾಯಸದ ವಾಸನೆ. ರೋಸಿಹೋಗುವಷ್ಟು ತೊಳೆದಾಯಿತು.

ಇಷ್ಟು ಖುಷಿ ಆಗಬಾರದು ನನಗೆ. ಆಗುತ್ತಾ ಉಂಟು. ಎಂತ ಮಾಡುವುದು.

8 ಜನವರಿ, ಬುಧವಾರ, ಬೆಳಿಗ್ಗೆ

ಬಾಪ್ಪು ಸೂಟು ಹಾಕಿ ಕೂತಾಗಿದೆ. ಅಪ್ಪನ ಸೂಟು. ಗಡ್ಡ ಪೂರ್ತಿ, ಎರಡೂ ಕೆನ್ನೆ. ಹೆಗಲಲ್ಲಿ ನನ್ನ ಕಂದು ಬ್ಯಾಗು. ಇವತ್ತು ಬ್ಯಾಗು ಬೇಡ ಬಾಪ್ಪು ಎಂದರೆ ಬಿಗಿ ಹಿಡಿದ. ಇರಲಿ. ಕಾರು ಬಂ

9 ಜನವರಿ, ಗುರುವಾರ, ಕಾರ್ಕಳ

ಕಾರ್ಕಳ!! ಕ್ರಮವಾಗಿ ಬರೆಯಬೇಕು. ಕ್ರಮ ಎಲ್ಲಿಂದ.

ಪೂಜೆ ಕಾಪುವಿನಲ್ಲಿ, ಊಟ ಪಡುಬಿದ್ರಿಯ ಹಾಲ್‌ನಲ್ಲಿ. ಎರಡೂ ಕಡೆಯವರಿಗೆ ಹತ್ತಿರ ಎಂದು. ಕೇಕು ಕತ್ತರಿಸಿದ್ದು (ಹುಡುಗನ ಸ್ವಂತ ತಯಾರಿ), ಟೋಸ್ಟು ಎತ್ತಿದ್ದು (ಬೇಕರಿಯವರಿಗೆ ಟೋಸ್ಟಿಗೆ ಬರವೇ), ಬ್ಯಾಂಡು, ಡ್ಯಾನ್ಸು. ಆಮೇಲೆ ನಾನು ಸಾಡೊ ಉಟ್ಟು ಬಂದೆ, ಹುಡುಗನ ಮನೆಯವರು ಕೊಡುವ ಕೆಂಪು ಸೀರೆ. ಎರಡೂ ಕಡೆಯವರು ಎದುರುಬದುರು ನಿಂತರು. ಮೈಕು ಬಂತು. ಬಾಪ್ಪು ಬಂದ.

ನನ್ನ ಕೈ ಹಿಡಿದ. ಬೆವರಿದ ಕೈ. ಬೆಂಜಮಿನ್‌ರ ಕೈಯಲ್ಲಿ ಇಟ್ಟ.

"ಇಗೊಳ್ಳಿ, ನಮ್ಮ ವನಿ. ಚೆಂದ ನೋಡ್ಕೊಳ್ಳಿ."

ಒಂದಕ್ಷರ ತಪ್ಪಿಲ್ಲ! ಆಕಯ್ ಕಣ್ಣು ಒರೆಸಿಕೊಂಡಳು. ನಾನು ಉಸಿರು ಬಿಟ್ಟೆ. ಬಾಪ್ಪು ಕೈ ಬಿಡಲಿಲ್ಲ. ಬೆಂಜಮಿನ್‌ರ ಮುಷ್ಟಿಯನ್ನು ಎರಡು ಸಲ ತಟ್ಟಿ, ಮೈಕಿನಲ್ಲಿ, ಸ್ಪಷ್ಟವಾಗಿ:

"ಸಂಜೆ ಬಂದು ಕರ್ಕೊಂಡು ಹೋಗ್ತೇನೆ."

ಹಿಂದಿನ ಸಾಲಿನಿಂದ ಭುಜಂಗಣ್ಣ ಅಭ್ಯಾಸಬಲದಲ್ಲಿ, "ಆಯ್ತಾಯ್ತು!"

ಆಗ ಬಿತ್ತು ನಗು. ಮುನ್ನೂರು ಜನರದ್ದು. ಬ್ಯಾಂಡಿನವನು ಡ್ರಮ್ಮಿಗೆ ಎರಡು ಬಾರಿಸಿದ. ಆಕಯ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ನಗಲಿಕ್ಕಾಗಲಿಲ್ಲ. ಅವನಿಗೆ ಒಪ್ಪಿಸುವುದು ಎಂದರೆ ಗೊತ್ತಿರುವುದು ಅದೊಂದೇ. ಬೆಳಿಗ್ಗೆ ಕೈಯಿಂದ ಕೈಗೆ, ಸಂಜೆ ವಾಪಸ್. ಯಾವ ದಿನವೂ ತಪ್ಪಿಲ್ಲ. ಒಪ್ಪಿಸಿದವರು ಬರುತ್ತಾರೆ.

ಬೆಂಜಮಿನ್‌ರೂ ನಗಲಿಲ್ಲ. ಅವರ ಸರದಿ, ಉತ್ತರ ಹೇಳಬೇಕು. ಬಾಪ್ಪುವನ್ನು ನೋಡಿದರು. ಮೈಕಿಗೆ ಬಗ್ಗಿದರು.

"ಆಯ್ತು. ಬನ್ನಿ."

ಅಷ್ಟೇ. ಎಲ್ಲರೂ ಚಪ್ಪಾಳೆ ತಟ್ಟಿದರು, ದೊಡ್ಡ ಮನುಷ್ಯ, ಸಂಭಾಳಿಸಿದರು, ಎಂದು. ನಾನೂ ಹಾಗೇ ತಿಳಿದೆ.

ಹೊರಡುವಾಗ ಬಾಪ್ಪು ಕಾಣಲಿಲ್ಲ. ಒಳಗೆ ಮಲಗಿದ್ದಾನೆ, ಎಬ್ಬಿಸಬೇಡ, ಅಳುತ್ತಾನೆ, ನೀನೂ ಅಳುತ್ತಿ ಎಂದಳು ಆಕಯ್. ಕಾರು ಹತ್ತಿದೆ. ಬೆಳ್ಮಣ್ ದಾಟುವವರೆಗೂ ಅತ್ತೆ. ಲಾಯ್ಡ್ ಕರ್ಚೀಫು ಕೊಟ್ಟ, ಅದರಲ್ಲೂ ವೆನಿಲ್ಲಾ ಪರಿಮಳ.

ಮನೆಯಂಗಳ. ಸ್ವಾಗತ, ಹೂವು, ಫೋಟೋ. ಹಿಂದಿನಿಂದ ಅವರ ದಿಬ್ಬಣದ ಬಸ್ಸು ಬಂತು. ಒಬ್ಬೊಬ್ಬರೇ ಇಳಿದರು. ಎಲ್ಲರಿಗಿಂತ ಕೊನೆಗೆ ಅಪ್ಪನ ಸೂಟು. ಹೆಗಲಲ್ಲಿ ಕಂದು ಬ್ಯಾಗು.

ಬಸ್ಸಿನವರು "ಬನ್ನಿ ಬನ್ನಿ, ನಿಮ್ಮ ಭಾಷಣ ಫಸ್ಟ್‌ಕ್ಲಾಸ್" ಎಂದು ಕಿಟಕಿ ಸೀಟು ಕೊಟ್ಟು ಕೂರಿಸಿಕೊಂಡಿದ್ದರಂತೆ!

ನೇರ ಅಂಗಳ ದಾಟಿ ಬಂದ. ನನ್ನ ಎದುರು ನಿಂತ. ಕೈ ಚಾಚಿದ.

"ಸಂಜೆ ಆಯ್ತು ವನಿ. ಬಾ."

ಯಾರೂ ನಗಲಿಲ್ಲ ಈ ಸಲ. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಬೆಂಜಮಿನ್ ಹೋಗಿ ಎತ್ತಿದರು. ಆಕಯ್ ಅಳುವುದು ಅಂಗಳದವರೆಗೆ ಕೇಳಿತು: ರೊಸಾರಿಯೊ ಇಲ್ಲ, ಹಾಲ್‌ನಲ್ಲಿ ಇಲ್ಲ, ಹೈವೇಯಲ್ಲಿ ಹುಡುಕಿದೆವು...

"ಇಲ್ಲಿ ಇದ್ದಾರೆ ಝೀಟಾ ಬಾಯಿ. ಹೇಳಿದ ಟೈಮಿಗೆ ಬಂದಿದ್ದಾರೆ."

ಹೊರಗೆ ಬಂದರು. ಬಾಪ್ಪುವಿನ ಹೆಗಲ ಮೇಲೆ ಕೈ ಇಟ್ಟರು.

"ರೊಸಾರಿಯೊ, ಹುಡುಗಿಯನ್ನು ಈಗ ಕಳಿಸಲಿಕ್ಕೆ ಆಗುವುದಿಲ್ಲ. ಇಲ್ಲಿ ಕೆಲಸ ಉಂಟು ಅವಳಿಗೆ. ಒಳಗೆ ಕೂತು ಕಾಯಿರಿ."

"ಎಷ್ಟು ಹೊತ್ತು?"

ಬೆಂಜಮಿನ್ ಮೀಸೆ ಸವರಿದರು. ನನಗೆ ಗೊತ್ತು ಮುಂದಿನ ಶಬ್ದ. ಲಾಯ್ಡ್‌ಗೂ ಗೊತ್ತು, ನನ್ನ ಬೆರಳು ಹಿಂಡಿದ. ಕಣ್ಣು ಮುಚ್ಚಿದೆ.

"ಅವಳು ಹೊರಡುವವರೆಗೆ."

ಕಣ್ಣು ಬಿಟ್ಟೆ.

"ಡ್ಯಾಡಿ ಹೂಂ ಅಂದ್ರು," ಎಂದ ಲಾಯ್ಡ್ ನನ್ನ ಕಿವಿಯಲ್ಲಿ. "ಮಾರಾಯ್ತಿ, ಡ್ಯಾಡಿ ಹೂಂ ಅಂದ್ರು!"

ಬಾಪ್ಪು ತಲೆಯಾಡಿಸಿದ. ನ್ಯಾಯವಾದ ಮಾತು. ಬ್ಯಾಗು ಮಡಿಲಲ್ಲಿಟ್ಟು ಸೋಫಾದಲ್ಲಿ ಕೂತ. ಯಾರೋ ಚಹಾ ಕೊಟ್ಟರು, ಬನ್ನು ಕೊಟ್ಟರು. ಅದ್ದಿ ತಿಂದ.

ನಾನು ಸಂಜೆ ಹೊರಡುವವಳಲ್ಲ ಬಾಪ್ಪು, ಇನ್ನು ಇಲ್ಲೇ, ಎಂದು ಹೇಳಬೇಕಿತ್ತು. ತಪ್ಪು ಕಂಡರೆ ತಿದ್ದುವುದಕ್ಕೇ ಸಂಬಳ ತೆಗೆದುಕೊಳ್ಳುವವಳು. ತಿದ್ದಲಿಲ್ಲ. ಹಾಗೇ ಅಚ್ಚಿಗೆ ಹೋಗಲಿ.

10 ಜನವರಿ, ಶುಕ್ರವಾರ

ಬಡಗಿ ಬಂದಿದ್ದ. ಒಲೆಯ ಕೋಣೆಗೆ ಇವತ್ತಿನಿಂದ ಬಾಗಿಲು, ಎತ್ತರದಲ್ಲಿ ಚಿಲಕ. ಮಾವ ನಿಂತು ಅಳತೆ ಹೇಳಿದರು. ಬಾಪ್ಪುವನ್ನು ಬಾಗಿಲ ಹೊರಗೆ ನಿಲ್ಲಿಸಿ ಕೈ ಎತ್ತಿಸಿ ನೋಡಿದರು, ಚಿಲಕ ಸಿಗುತ್ತದಾ ಎಂದು. ಸಿಕ್ಕಿತು. ಇನ್ನೂ ಮೇಲೆ ಹಾಕಿಸಿದರು.

ಮಧ್ಯಾಹ್ನ ಆಕಯ್. ಕೈಯಲ್ಲಿ ಆಶ್ರಮಕ್ಕೆಂದು ಕಟ್ಟಿದ್ದ ಬಾಪ್ಪುವಿನ ಟ್ರಂಕು. ಸಿಸ್ಟರಿಗೆ ಫೋನು ಮಾಡಿ ಬೇಡ ಎಂದಳಂತೆ. ಅವರು ಬೈಯಲಿಲ್ಲ, ಹಾಸಿಗೆ ಕಾಯುವವರು ಇನ್ನೂ ಇದ್ದಾರಂತೆ. ಟ್ರಂಕು ಬಾಗಿಲಲ್ಲೇ ಹಿಡಿದು ನಿಂತಳು.

"ಬೆಂಜಮಿನ್‌ಬಾಬ್, ಅವನು ನನ್ನ ಪಾಲಿನವನು. ಅಮ್ಮ ಕೊಟ್ಟದ್ದು. ಈಸ್ಟರ್ ಆದ ಮೇಲೆ ಒಂದು ತಿಂಗಳು ನನ್ನಲ್ಲಿ ಇರಲಿ. ಮೆಟ್ಟಿಲು ನಿಧಾನಕ್ಕೆ ಹತ್ತಿಸ್ತೇನೆ."

"ನೋಡುವಾ," ಎಂದರು ಮಾವ.

"ಎಂತ ನೋಡುವುದು?"

"ನಿಮ್ಮ ಮೊಣಕಾಲು."

ಆಕಯ್ ನಕ್ಕದ್ದು! ಮೂರು ಬನ್ನು ತಿಂದಳು. ಹೋಗುವಾಗ ಬಾಪ್ಪುವಿನ ಕೈ ಹಿಡಿದು ಮಾವನ ಕೈಯಲ್ಲಿ ಇಟ್ಟಳು. ಬಾಯಿ ಬಿಡಲಿಲ್ಲ. ಬಾಪ್ಪುವೇ ಹೇಳಿಕೊಟ್ಟ: "ಸಂಜೆ ಬಂದು..."

ಭುಜಂಗಣ್ಣನ ಫೋನು. ಬಾಟ್ಲಿ ತೊಳೆಯುವವರಿಲ್ಲ, ಪೊರ್ಬುಗಳನ್ನು ಶನಿವಾರಕ್ಕಾದರೂ ಕಳಿಸಿ ಎಂದು. ದನಿ ಸ್ವಲ್ಪ ಒಡೆದಿತ್ತು. ಸೋಡಾ ಗಂಟಲು ಎಂದ.

12 ಜನವರಿ, ಆದಿತ್ಯವಾರ

ಆರು ಗಂಟೆ. ಬೇಕರಿಯ ಮೊದಲ ಬ್ರೆಡ್ಡು ಹೊರಗೆ ಬಂದಾಗಿದೆ, ಮನೆಯಿಡೀ ಘಮ. ನಿನ್ನೆ ಸಂಜೆಯೂ ಕೇಳಿದ, ಹೊರಡುವಾ ವನಿ? ಇನ್ನು ಸ್ವಲ್ಪ ಕೆಲಸ ಉಂಟು ಬಾಪ್ಪು ಎಂದೆ. ಸರಿ ಎಂದು ಬ್ಯಾಗನ್ನು ಮೊಳೆಗೆ ಹಾಕಿದ. ಮೊಳೆ ಮಾವ ಹೊಡೆದದ್ದು, ಅವನ ಎತ್ತರಕ್ಕೆ.

ಇವತ್ತು ಗಡ್ಡದ ದಿನ. ಸೋಪು ಕಲಸಿ ತಂದೆ. ಮಾವ ಕೈ ಚಾಚಿದರು. ಇಲ್ಲಿ ಕೊಡು, ನಾಲ್ಕು ವರ್ಷ ಇನ್ನೊಬ್ಬರ ತಲೆ ಬಾಚಿದ ಕೈ ಇದು, ಎಂದರು. ಬಾಪ್ಪು ನನ್ನನ್ನು ನೋಡಿದ. ನಾನು ಅವನ ಕೈ ಹಿಡಿದು ಮಾವನ ಕೈಯಲ್ಲಿ ಇಟ್ಟೆ. ಕೂತ. ಕುತ್ತಿಗೆ ಎತ್ತಿಕೊಟ್ಟ.

ಎಡಗೆನ್ನೆ ಮುಗಿಯಿತು. ಭಾರೀ ನುಣುಪು, ನನಗಿಂತ ಚೆಂದ. ಲಾಯ್ಡ್ ಬಾಗಿಲಲ್ಲಿ ನಿಂತು ನಗುತ್ತಿದ್ದಾನೆ. ಇಗರ್ಜಿಯ ಮೊದಲ ಗಂಟೆ ಆಯಿತು, ಬೇಗ ಬೇಗ ಎನ್ನುತ್ತಾ ಮಾವ ಬಲಗೆನ್ನೆಗೆ

ಕರೆಂಟು ಹೋಯಿತು. ಮೇಣದಬತ್ತಿ ತಾ ಎಂದು ಮಾವ, ಬತ್ತಿ ದೇವರಿಗೆ ಎಂದು ಬಾಪ್ಪು, ಇಬ್ಬರೂ ಒಟ್ಟಿಗೆ ಕೂಗುತ್ತಿದ್ದಾರೆ, ನಾನು ಹೋಗದಿದ್ದರೆ ಅರ್ಧ